ಹಳದಿಯಾಗಿಯೇ ಉಳಿದ ಚೀಟಿ

ಕಳೆದ ತಿಂಗಳು ವಾಸ್ಕೋದಲ್ಲಿ ನನ್ನ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಆರತಿಯ ಹೊತ್ತಿಗೆ ಒಬ್ಬಾಕೆ ತಟ್ಟೆಗೆ ನೀರು ಹಾಕಿ ಅರಿಶಿನ ಕದಡಿದಳು. ಇನ್ನೊಬ್ಬಾಕೆ ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತಂದು ಅದರೊಳಗೆ ಬಿಟ್ಟಳು. ಹಳದಿ ನೀರು ನೋಡುನೋಡುತ್ತಿದ್ದಂತೆ ಕೆಂಪಾಯಿತು. ಎಲ್ಲರ ಮನೆಯಲ್ಲೂ ನಡೆಯುವುದೇ ಇದು. ಆದರೆ ನನಗೆ ಅಲ್ಲಿ ಕೂತಿರಲು ಆಗಲಿಲ್ಲ. ಎದ್ದು ಹೊರಗೆ ಬಂದು ಚಪ್ಪಲಿಗಳ ನಡುವೆ ನಿಂತುಕೊಂಡೆ. ತಂಗಿ ಗಾಬರಿಯಾಗಿ ಹಿಂದೆಯೇ ಬಂದಳು.

"ಯಾಕಣ್ಣಾ, ಎದಿ ಗಿದಿ ನೋಯಾಕತ್ತೈತೇನು?"

"ಏನಿಲ್ಲವಾ, ಒಳಗ ಭಾಳ ಸೆಕಿ ಐತಿ," ಅಂದೆ. ವಯಸ್ಸಾದ ಮೇಲೆ ಇದೊಂದು ಅನುಕೂಲ. ಏನು ಹೇಳಿದರೂ ಜನ ಹೌದು ಅಂದುಕೊಂಡು ಒಂದು ಲೋಟ ನೀರು ತಂದುಕೊಡುತ್ತಾರೆ.

ನನಗೆ ನೆನಪಾದದ್ದು ತೊಂಬತ್ತೆರಡರ ಮಳೆಗಾಲ. ತಂಗಿಗೂ ಅದನ್ನು ಹೇಳಿಲ್ಲ. ಇನ್ನು ಹೇಳುವುದೂ ಇಲ್ಲ, ಬರೆದಿಡುತ್ತೇನೆ, ಓದುವವರು ಓದಿಕೊಳ್ಳಲಿ.

ಆ ವರ್ಷ ನಾನು ದಾಬೋಲಿಮ್ ಗುಡ್ಡದ ಮೇಲಿನ ಒಂದು ಬಂಗಲೆಯಲ್ಲಿ ಈಜುಕೊಳ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ವಿಮಾನಗಳು ಚಕ್ರ ಬಿಚ್ಚಿಕೊಂಡು ನಮ್ಮ ತಲೆಯ ಮೇಲೆಯೇ ಇಳಿಯುತ್ತಿದ್ದವು. ಸಿಂದಗಿ ಕಡೆಯ ನಮ್ಮ ಹಳ್ಳಿಗೆ ಹೋದಾಗ ಮಾಡುವ ಕೆಲಸ ಏನೆಂದು ಹೇಳಿದರೆ ಜನ ಬಿದ್ದುಬಿದ್ದು ನಗುತ್ತಿದ್ದರು. ಕುಡಿಯುವ ನೀರಿಗೇ ಕೊಡ ಹೊತ್ತು ಅಲೆಯುವವರಿಗೆ, ಒಂದು ಹೊಂಡದ ನೀರಿಗೆ ದಿನಾ ಔಷಧ ಹಾಕಿ ಆರೈಕೆ ಮಾಡುವ ಮನುಷ್ಯನೆಂದರೆ ನಗು ಬರದೆ ಇನ್ನೇನು? "ಏನೋ ಡಾಕ್ಟರಾ, ನೀರಿಗೆ ಜ್ವರಾ ಬಿಟ್ಟೇತೋ ಇಲ್ಲೋ?" ಎಂದು ಕಾಡುತ್ತಿದ್ದರು. ನನಗೆ ಒಳಗೊಳಗೆ ಹೆಮ್ಮೆಯೇ. ಹತ್ತನೇ ಇಯತ್ತೆ ಪಾಸಾಗಿ ಐದು ವರ್ಷ ಕಲ್ಲು ಹೊತ್ತವನಿಗೆ ಅದು ಬುದ್ಧಿಯ ಕೆಲಸವಾಗಿ ಕಂಡಿತ್ತು.

ಆ ಕೆಲಸ ಕೊಡಿಸಿದವನು ಗೌಂಡಿ ಭೀಮಣ್ಣ. ನಮ್ಮೂರಿನವನೇ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು; ನನ್ನನ್ನು ಗೋವೆಗೆ ಕರೆತಂದವನೂ ಅವನೇ. ಆ ಕೊಳ ಕಟ್ಟಿದ್ದು ಅವನು. ದೀಪಾವಳಿಯ ಹೊತ್ತಿಗೆ ಶುರುಮಾಡಿ ಶಿವರಾತ್ರಿಗೆ ಮುಗಿಸಿದ್ದ. ಸಿಮೆಂಟಿನ ಗಿಲಾವು ಮಾಡಿದ ಗೋಡೆಯನ್ನು ಅಂಗೈಯಿಂದ ಸವರಿ, ಎಲ್ಲಾದರೂ ಒಂದು ಮರಳ ಕಾಳು ಚುಚ್ಚಿದರೆ ಮತ್ತೆ ತಿಕ್ಕುತ್ತಿದ್ದ. ಮೂಲೆಯಲ್ಲಿ ನಾಲ್ಕು ಅಗಲವಾದ ಮೆಟ್ಟಿಲು ಮಾಡಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲಿನ ಕಂಬಿ ನಿಲ್ಲಿಸಿದ್ದ. ಕಂಬಿಯ ಒಂದು ಕಾಲು ದಡದಲ್ಲಿ. ಇನ್ನೊಂದು ಕಾಲು ನೀರಿನೊಳಗಿನ ಮೆಟ್ಟಿಲಲ್ಲಿ, ಹಿತ್ತಾಳೆಯ ಬೋಲ್ಟು ಹಾಕಿ ಸಿಮೆಂಟಿನಲ್ಲಿ ಕೂರಿಸಿದ್ದು. ಅದು ಮಾಯ್ ಅವರಿಗಾಗಿಯೇ ಹಾಕಿದ ಕಂಬಿ.

ಮಾಯ್ ಅಂದರೆ ಸಾಹೇಬರ ತಾಯಿ, ಎಪ್ಪತ್ತು ದಾಟಿದ ವಿಧವೆ. ಕೊಂಕಣಿಯಲ್ಲಿ ತಾಯಿಗೆ ಮಾಯ್ ಅನ್ನುತ್ತಾರೆ. ನಾವೂ ಹಾಗೇ ಕರೆಯುತ್ತಿದ್ದೆವು. ತಂದೆ ರೈಲ್ವೆಯಲ್ಲಿದ್ದುದರಿಂದ ಹುಬ್ಬಳ್ಳಿಯಲ್ಲಿ ಬೆಳೆದವರು, ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ಮೊಣಕಾಲು ಹಿಡಿದುಹೋಗಿ, ನೆಲದ ಮೇಲೆ ಹತ್ತು ಹೆಜ್ಜೆ ಇಡಬೇಕಾದರೆ ಕೋಲೂ ಬೇಕು, ನನ್ನ ಹೆಂಡತಿ ಗೌರವ್ವನ ಹೆಗಲೂ ಬೇಕು. ಎದೆಮಟ್ಟದ ನೀರಿಗಿಳಿದರೆ ಮಾತ್ರ ಯಾರೂ ಬೇಡ. ಈ ದಡದಿಂದ ಆ ದಡಕ್ಕೆ ಹಾಡಿಕೊಂಡು ನಡೆಯುತ್ತಿದ್ದರು. ಡಾಕ್ಟರು ಹೇಳಿದ್ದಕ್ಕೇ ಸಾಹೇಬರು ಆ ಕೊಳ ಕಟ್ಟಿಸಿದ್ದು.

"ನೆಲದ ಮ್ಯಾಲ ನಾ ಮುದುಕಿ, ಸಿದ್ದಪ್ಪಾ," ಅನ್ನುತ್ತಿದ್ದರು. "ನೀರಾಗ ಇನ್ನೂ ಹುಬ್ಬಳ್ಳಿ ಹುಡುಗಿ."

ಸಾಹೇಬರು ಹಡಗಿನಲ್ಲಿ ಎಂಜಿನಿಯರು. ವರ್ಷದ ಮುಕ್ಕಾಲು ಪಾಲು ಸಮುದ್ರದ ಮೇಲೆ. ಹೊರಡುವ ಮುಂಚೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದರು. ಗಾಜಿನ ಸಣ್ಣ ಕೊಳವೆಯಲ್ಲಿ ಕೊಳದ ನೀರು ತುಂಬಿ, ಶೀಶೆಯೊಳಗಿನ ಕೆಂಪು ದ್ರವ ಐದು ಹನಿ ಹಾಕಿ, ಬಂದ ಬಣ್ಣವನ್ನು ಒಂದು ಕಾರ್ಡಿನ ಬಣ್ಣಗಳ ಪಕ್ಕ ಹಿಡಿದು ನೋಡಬೇಕು. ಅವರು ಅದಕ್ಕೆ ಪಿಎಚ್ ಅನ್ನುತ್ತಿದ್ದರು. ನಾನು ನನಗೆ ತಿಳಿಯುವಂತೆ ಹುಳಿ, ಸವಳು ಎಂದು ಇಟ್ಟುಕೊಂಡೆ. ಹಳದಿ ಬಂದರೆ ನೀರು ಹುಳಿ; ಸೋಡಾ ಪುಡಿ ಹಾಕಬೇಕು. ಕಡುಗೆಂಪು ಬಂದರೆ ಸವಳು, ಆ್ಯಸಿಡ್ ಹಾಕಬೇಕು. ನಡುವಿನ ಕಿತ್ತಳೆಗೆಂಪು ಬಂದರೆ ಕೈಕಟ್ಟಿ ಸುಮ್ಮನಿರಬೇಕು. ಹೊಸ ಸಿಮೆಂಟು ಮೊದಮೊದಲು ಸುಣ್ಣ ಬಿಡುತ್ತಲೇ ಇರುತ್ತದಂತೆ, ಹಾಗಾಗಿ ಆ ಬೇಸಿಗೆಯಲ್ಲಿ ಪ್ರತಿ ಸೋಮವಾರವೂ ಕಡುಗೆಂಪೇ. ಪ್ರತಿ ಸೋಮವಾರವೂ ನಾನು ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಬಕೆಟ್ಟಿನ ನೀರಿಗೆ ಒಂದು ಲೀಟರ್ ಆ್ಯಸಿಡ್ ಸುರಿದು, ಕೊಳದ ಸುತ್ತ ಚೆಲ್ಲುತ್ತಾ ಬರುತ್ತಿದ್ದೆ. ಮಂಗಳವಾರ ಬಣ್ಣ ಸರಿಹೋಗಿರುತ್ತಿತ್ತು. ಸೋಮವಾರವೆಂದರೆ ಆ್ಯಸಿಡ್ ಎಂದು ನನ್ನ ಮೈಗೇ ರೂಢಿಯಾಗಿಹೋಯಿತು.

ಜೂನಿನ ಮೊದಲ ಮಳೆಗೆ ದಡದ ಕಲ್ಲು ಜಾರುತ್ತಿತ್ತು. ಒದ್ದೆ ಕೈಯಿಂದ ಆ ಶೀಶೆ ತಪ್ಪಿ ಬಿದ್ದು ಒಡೆಯಿತು. ಒಂದು ಹನಿಯೂ ಉಳಿಯದೆ ಎಲ್ಲ ಮಳೆನೀರಿನ ಜೊತೆ ಹರಿದುಹೋಯಿತು. ಮಡಗಾಂವಿನ ಅಂಗಡಿಯವನು, ಮುಂಬೈಯಿಂದ ತರಿಸಬೇಕು, ಮಳೆ ಕಡಿಮೆಯಾಗಲಿ ಎಂದ. ಮಾಯ್ ಕೈಯಿಂದ ಸಾಹೇಬರಿಗೆ ಒಂದು ಕಾಗದ ಬರೆಸಿದೆ. ಹಡಗು ಯಾವ ಸಮುದ್ರದಲ್ಲಿತ್ತೋ, ಕಾಗದ ಎಂದು ಕೈಸೇರಿತೋ.

ನಮ್ಮ ಖೋಲಿ ಬಂಗಲೆಯ ಹಿಂದಿನ ಕಂಪೌಂಡಿಗೆ ಅಂಟಿಕೊಂಡಿತ್ತು. ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದು ನೋಡಿ ಗೌರವ್ವ ರೊಟ್ಟಿ ತಟ್ಟುತ್ತಲೇ ಅಂದಳು:

"ಅದಕ್ಯಾಕ ಇಷ್ಟು ಚಿಂತಿ ಮಾಡತೀರಿ? ನೀರಾಗ ಸುಣ್ಣ ಐತೋ ಇಲ್ಲೋ ನೋಡಾಕ ಮುಂಬೈ ಔಷಧ ಯಾಕ ಬೇಕು? ಅರಿಷಿಣ ಹೇಳತೈತಿ."

ಅವಳ ತವರಿನವರು ಮೂರು ತಲೆಮಾರಿನಿಂದ ಕುಂಕುಮ ಮಾಡಿ ಸಂತೆಯಲ್ಲಿ ಮಾರುವವರು. ಅರಿಶಿನಕ್ಕೆ ಸುಣ್ಣದ ನೀರು ಎಷ್ಟು ಬಿದ್ದರೆ ಯಾವ ಕೆಂಪು ಎಂಬುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಮರುದಿನವೇ ನೋಟುಬುಕ್ಕಿನ ಹಾಳೆಗಳನ್ನು ಉದ್ದುದ್ದ ಕತ್ತರಿಸಿ, ಅರಿಶಿನದ ನೀರಿನಲ್ಲಿ ನೆನೆಸಿ, ಬೋರಲು ಹಾಕಿದ ಬೋಗುಣಿಯ ಮೇಲೆ ಒಲೆಯ ಕಾವಿಗೆ ಒಣಗಿಸಿ ಕೊಟ್ಟಳು. ನಾನು ಪರೀಕ್ಷೆ ಮಾಡದೆ ನಂಬುವವನೇ? ಒಂದು ಚೀಟಿಯನ್ನು ಸೋಡಾ ಪುಡಿ ಕದಡಿದ ನೀರಿಗೆ ಅದ್ದಿದೆ. ಥೇಟು ಕುಂಕುಮ. ಇನ್ನೊಂದನ್ನು ಕೊಳದ ನೀರಿಗೆ ಅದ್ದಿದೆ. ಹಳದಿ ಹಳದಿಯಾಗಿಯೇ ಉಳಿಯಿತು.

ಅವತ್ತು ನನಗೆ ಎರಡು ಕೊಂಬು ಮೂಡಿದವು. ಮಾಯ್ ಅವರಿಗೆ ತೋರಿಸಿದೆ. ಅವರು ಚಪ್ಪಾಳೆ ತಟ್ಟಿದರು. ಭಾನುವಾರ ಮಾತಾಡಿಸಲು ಬಂದ ಭೀಮಣ್ಣನಿಗೂ ತೋರಿಸಿದೆ.

"ಸಾಲಿ ಕಲತ ತೆಲಿ ಅಂದ್ರ ಇದು ನೋಡ್ರಿ ಮಾಯ್," ಅಂದ ಅವನು. "ನಾವೆಲ್ಲಾ ಬರೇ ಕಲ್ಲು ಹೊರಾಕ ಹುಟ್ಟೇವಿ."

ಗೌರವ್ವನ ಹೆಸರು ನಾನು ಎತ್ತಲಿಲ್ಲ. ಅವಳು ಚಹಾ ತಂದಿಟ್ಟು ಒಳಗೆ ಹೋದಳು.

ಹೀಗೆ ಜೂನ್ ಹೋಯಿತು, ಜುಲೈ ಬಂತು. ಗೋವೆಯ ಮಳೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಕೊಳ ದಿನಾ ತುಂಬಿ ಹೊರಗೆ ಚೆಲ್ಲುತ್ತಿತ್ತು. ಬೇಸಿಗೆಯಲ್ಲಿ ಇದ್ದ ನೀರೇ ಬೇರೆ, ಈಗಿನ ನೀರೇ ಬೇರೆ. ಅದು ನನ್ನ ತಲೆಗೆ ಹೋಗಲಿಲ್ಲ. ಪ್ರತಿ ಸೋಮವಾರ ಚೀಟಿ ಅದ್ದುವೆ, ಹಳದಿ. ಆಹಾ, ನನ್ನ ಆ್ಯಸಿಡ್ ಕೆಲಸ ಮಾಡುತ್ತಿದೆ, ನಿಲ್ಲಿಸಿದರೆ ಮತ್ತೆ ಕೆಂಪಾಗುತ್ತದೆ ಅಂದುಕೊಂಡು ಒಂದು ಲೀಟರ್ ಸುರಿಯುವೆ. ಮುಂದಿನ ಸೋಮವಾರ ಮತ್ತೆ ಹಳದಿ, ಮತ್ತೆ ಒಂದು ಲೀಟರ್. ಒಂದು ವಾರವೂ ತಪ್ಪಿಸಲಿಲ್ಲ. ಜಡಿಮಳೆಯಲ್ಲೂ ಗೋಣಿಕೊಪ್ಪೆ ಹಾಕಿಕೊಂಡು ಹೋಗಿ ಸುರಿದು ಬಂದಿದ್ದೇನೆ. ಸೋಮಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನೀರಂತೂ ಗಾಜು. ದಡದಲ್ಲಿ ನಿಂತರೆ ತಳದ ಸಂದುಗಳನ್ನು ಎಣಿಸಬಹುದಿತ್ತು. ಅಕ್ಕಪಕ್ಕದ ಬಂಗಲೆಗಳ ಕೊಳಗಳೆಲ್ಲ ಮಳೆಗೆ ಪಾಚಿ ಹಿಡಿದು ಹಸಿರಾಗಿದ್ದಾಗ ನಮ್ಮದೊಂದೇ ಹೊಳೆಯುತ್ತಿತ್ತು. ಆದರೆ ನೀರು ತನ್ನ ಕಷ್ಟ ಹೇಳಿಕೊಳ್ಳುತ್ತಲೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ನೀರು ಬರುವ ತಾಮ್ರದ ಕೊಳವೆಯ ಬಾಯಿ ಕೆಳಗೆ ಗೋಡೆಯ ಮೇಲೆ ನೀಲಿಹಸಿರು ಗೆರೆ ಇಳಿಯಿತು. ಮಳೆಗಾಲದಲ್ಲಿ ಕಪ್ಪೆಗಳು ಕೊಳಕ್ಕೆ ಬೀಳುವುದು ಇದ್ದದ್ದೇ, ಬೆಳಗ್ಗೆ ಬಲೆಯಿಂದ ಎತ್ತಿ ಹೊರಗೆ ಬಿಟ್ಟರೆ ಕುಪ್ಪಳಿಸಿ ಹೋಗಬೇಕು. ಆ ವರ್ಷ ಎತ್ತಿದವೆಲ್ಲ ಸತ್ತ ಕಪ್ಪೆಗಳೇ. ಮಾಯ್ ಕಣ್ಣು ಕೆಂಪಗಾಗಿರುತ್ತಿತ್ತು. ಅವರ ಬಿಳಿ ಕೂದಲಿಗೆ ಒಂದು ತೆಳು ಹಸಿರು ಬಂತು.

"ಗೌರವ್ವಾ, ಇಲ್ಲಿ ನೋಡ," ಎಂದು ಕನ್ನಡಿಯ ಮುಂದೆ ಕೂತು ನಕ್ಕರು. "ಗಿಳಿ ಆಗಾಕತ್ತೇನಿ. ಇನ್ನ ಹಾರೂದೊಂದು ಬಾಕಿ."

ಗೌರವ್ವನಿಗೆ ನಗು ಬರಲಿಲ್ಲ. ಖೋಲಿಗೆ ಬಂದು ನನ್ನೆದುರು ಒಂದು ಟವೆಲ್ಲು ಹಿಡಿದಳು. "ಮಾಯ್ ಅವರದು. ಹಿಂಡಿದ್ರ ಹರೀತೈತ್ರಿ ಇದು. ನೀರಿಗೆ ಏನರ ಆಗೇತೇನು, ಒಮ್ಮೆ ನೋಡ್ರಿ."

"ಬಟ್ಟಿ ಹಳೇದಾಗೇತಿ, ಬಿಡು," ಅಂದೆ. "ಚೀಟಿ ಹಳದಿ ಐತಿ. ನೀರಿಗೇನೂ ಆಗಿಲ್ಲ."

ಆಗಸ್ಟಿನ ಕೊನೆಯ ವಾರ, ಒಂದು ಗುರುವಾರದ ಬೆಳಗ್ಗೆ ಮಳೆ ಹೊಳವಾಗಿತ್ತು. ನಾನು ಆ ತುದಿಯಲ್ಲಿ ಬಲೆ ಹಿಡಿದು ಎಲೆ ಎತ್ತುತ್ತಿದ್ದೆ. ಗೌರವ್ವ ಮಾಯ್ ಅವರನ್ನು ದಡದವರೆಗೆ ತಂದುಬಿಟ್ಟು ಕೋಲು ಇಸಿದುಕೊಂಡಳು. ಅವರು ಎಂದಿನಂತೆ ಎರಡೂ ಕೈಯಿಂದ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿದರು. ಎರಡನೆಯ ಮೆಟ್ಟಿಲಿನಲ್ಲಿ ಮೈಭಾರವೆಲ್ಲ ಕಂಬಿಯ ಮೇಲೆ ಬಿಟ್ಟಾಗ ಅದರ ಕೆಳಗಿನ ಕಾಲು ಬುಡಸಮೇತ ಎದ್ದು ಬಂತು. ಕಂಬಿ ಹೊರಳಿತು, ಅವರೂ ಹೊರಳಿದರು. ಕೂಗಲಿಲ್ಲ. ಸೊಂಟ ಮೆಟ್ಟಿಲಿನ ಅಂಚಿಗೆ ಬಡಿದ ಸದ್ದು ನೀರಿನೊಳಗಿಂದ ನನಗೆ ಆ ತುದಿಗೂ ಕೇಳಿಸಿತು. ನಾನು ಬಟ್ಟೆಸಮೇತ ಹಾರಿದೆ. ಎತ್ತಿಕೊಂಡಾಗ ಅವರು ನನ್ನ ಅಂಗಿಯ ಕಾಲರು ಬಿಗಿಹಿಡಿದು "ಕಾಲು ಎಲ್ಲೈತಿ ಸಿದ್ದಪ್ಪಾ, ನನ್ನ ಕಾಲು ಎಲ್ಲೈತಿ" ಎಂದು ಕೇಳುತ್ತಲೇ ಇದ್ದರು.

ಪಕ್ಕದ ಬಂಗಲೆಯವರ ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿನಲ್ಲಿ ಇನ್ನು ಎದ್ದು ನಿಲ್ಲುವುದು ಕಷ್ಟ ಎಂದರು ಡಾಕ್ಟರು.

ತಿರುಗಿ ಬಂದು ಕಂಬಿ ಎತ್ತಿ ನೋಡಿದೆ. ಹಿತ್ತಾಳೆಯ ಬೋಲ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಬಿಸ್ಕೀಟಿನಂತೆ ಮುರಿದಿತ್ತು. ಅದರ ಸುತ್ತಲ ಸಿಮೆಂಟು ಉಗುರು ತಾಗಿಸಿದರೆ ಉದುರುತ್ತಿತ್ತು. ಆ ಗಳಿಗೆಯಲ್ಲಿ ನನಗೆ ಭೀಮಣ್ಣನ ಮೇಲೆ ಸಿಟ್ಟು ಬಂತು. ಇಷ್ಟು ಪೊಳ್ಳು ಕೆಲಸ ಮಾಡಿದನಲ್ಲ ಎಂದು ಬೈದುಕೊಂಡೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ತಂತಿ ತಲುಪಿ ನಾಲ್ಕನೆಯ ದಿನ ಸಾಹೇಬರು ಬಂದರು. ಶೀಶೆ ಒಡೆದಾಗ ಬರೆಸಿದ್ದ ಕಾಗದವೂ ಅವರಿಗೆ ತಲುಪಿತ್ತು. ಮುಂಬೈಯಲ್ಲಿ ಇಳಿದಾಗ ಅಂಥ ಗಡಿಬಿಡಿಯಲ್ಲೂ ನೆನಪಿಟ್ಟುಕೊಂಡು ಕೆಂಪು ದ್ರವದ ಶೀಶೆ ತಂದಿದ್ದರು. ಅದನ್ನು ನನ್ನ ಕೈಗಿಟ್ಟು, ಬಂದ ಟ್ಯಾಕ್ಸಿಯಲ್ಲೇ ಆಸ್ಪತ್ರೆಗೆ ಹೋದರು. ನಾನು ಕೊಳವೆಯಲ್ಲಿ ನೀರು ತುಂಬಿ ಐದು ಹನಿ ಹಾಕಿದೆ. ಹಳದಿ ಬಂತು. ಕಾರ್ಡಿನ ಕೆಳತುದಿಯಲ್ಲಿದ್ದ ಹಳದಿಗಿಂತಲೂ ಹಳದಿ. ಕೊಳವೆ ತೊಳೆದು ಬೇರೆ ಮೂಲೆಯ ನೀರು ತೆಗೆದೆ. ಅದೂ ಹಳದಿ. ಮೂರನೆಯ ಸಲ ಹನಿ ಲೆಕ್ಕ ತಪ್ಪಿತು. ಈ ಶೀಶೆಯ ಭಾಷೆಯಲ್ಲಿ ಹಳದಿಯೆಂದರೆ ಹುಳಿ.

ಖೋಲಿಗೆ ಹೋಗಿ ಗೌರವ್ವನನ್ನು ಕೇಳಿದೆ. "ಅರಿಷಿಣಕ್ಕ ಹುಳಿ ಹಾಕಿದ್ರ ಯಾವ ಬಣ್ಣ ಬರತೈತಿ?"

"ಯಾವುದೂ ಬರಂಗಿಲ್ಲ. ಹಳದಿನ ಇರತೈತಿ."

"ಎಷ್ಟು ಹುಳಿ ಹಾಕಿದ್ರೂ?"

"ಎಷ್ಟು ಹಾಕಿದ್ರೂ. ಅರಿಷಿಣಕ್ಕ ಸುಣ್ಣ ಅಷ್ಟ ಗೊತ್ತು, ಹುಳಿ ಗೊತ್ತಿಲ್ಲ." ನನ್ನ ಮುಖ ನೋಡಿ ಅವಳಿಗೆ ಅರ್ಧ ತಿಳಿದುಹೋಯಿತು. "ನೀವು ನನ್ನ ಕೇಳಿದ್ದು ಸುಣ್ಣದ್ದು. ಹುಳಿದು ಕೇಳಲೇ ಇಲ್ಲಲ್ರೀ."

ಎಲ್ಲ ಹೇಳಿದೆ. ಎರಡೂವರೆ ತಿಂಗಳು ನಾನೇ ಕೈಯಾರೆ ಆ ನೀರನ್ನು ಹುಳಿ ಮಾಡಿದ್ದೆ. ಆ ಹುಳಿ ಮೆಲ್ಲಮೆಲ್ಲಗೆ ಸಿಮೆಂಟು ತಿಂದಿತ್ತು, ಹಿತ್ತಾಳೆ ತಿಂದಿತ್ತು, ತಾಮ್ರ ತಿಂದು ಮಾಯ್ ಕೂದಲಿಗೆ ಬಳಿದಿತ್ತು. ಗೌರವ್ವ "ಸಾಹೇಬರಿಗೆ ಹೇಳಿಬಿಡ್ರಿ," ಅಂದಳು.

"ಹೇಳಿದ್ರ ಇವತ್ತ ಈ ಖೋಲಿ ಬಿಡಬೇಕು. ನಿನ್ನ ಇಂಥಾ ಹೊತ್ತಿನ್ಯಾಗ ಎಲ್ಲಿಗೆ ಕರಕೊಂಡ ಹೋಗ್ಲಿ?"

ಅವಳಿಗೆ ಆಗ ಏಳು ತಿಂಗಳು. ನನ್ನನ್ನು ಉಳಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನಗೆ ಹೆದರಿಕೆಯಾಗಿತ್ತು, ಅವಳ ಬಸಿರನ್ನು ಮುಂದೆ ಮಾಡಿಕೊಂಡೆ. ಅವಳಿಗೂ ಅದು ಗೊತ್ತಾಗಿರಬೇಕು, ಮತ್ತೆ ಮಾತೆತ್ತಲಿಲ್ಲ.

ಸಂಜೆ ಸಾಹೇಬರು ಬಂದು ಕೊಳದ ಹತ್ತಿರ ನಿಂತು, ಪಿಎಚ್ ಎಷ್ಟಿದೆ ಎಂದು ಕೇಳಿದರು. ಏಳೂವರೆ ಅಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅವರು ತಲೆಯಾಡಿಸಿ, ಅಷ್ಟು ತಿಳಿಯಾದ ನೀರನ್ನು ನೋಡುತ್ತಾ ನಿಂತರು. ಮರುದಿನ ಅವರು ಆಸ್ಪತ್ರೆಯಲ್ಲಿದ್ದಾಗ ಸೋಡಾ ಪುಡಿಯ ಚೀಲ ಬಿಚ್ಚಿದೆ. ಅದರ ಮರುದಿನವೂ ಸುರಿದೆ. ಮೂರನೆಯ ದಿನ ಕೊಳವೆಯಲ್ಲಿ ಕಿತ್ತಳೆಗೆಂಪು ಬಂತು. ಅದು ನನ್ನ ಜೀವಮಾನದಲ್ಲೇ ನಾನು ಅತ್ಯಂತ ನಾಜೂಕಾಗಿ ಮಾಡಿದ ಕೆಲಸ.

ಆಮೇಲೆ ಸಾಹೇಬರು ಭೀಮಣ್ಣನನ್ನು ಕರೆಸಿದರು. ನೀರು ಅರ್ಧ ಇಳಿಸಿ ಮೆಟ್ಟಿಲು ಬಯಲು ಮಾಡಿದ್ದೆ. ಭೀಮಣ್ಣ ಮೊಣಕಾಲೂರಿ ಕೂತು, ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಪುಡಿಯಾಯಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಪುಡಿಯಾಯಿತು. ಬೋಲ್ಟಿನ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಹಿತ್ತಾಳಿ ಹಿಂಗ ಗುಲಾಬಿ ಆಗಿದ್ದು ನಾ ಎಲ್ಲೂ ನೋಡಿಲ್ಲೋ ತಮ್ಮಾ," ಅಂದ ನನಗೆ. "ಖರೇ ಹೇಳು. ನೀರಾಗ ಏನರ ಹೆಚ್ಚುಕಡಿಮಿ ಆಗಿತ್ತೇನು?"

ಸಾಹೇಬರು ಎರಡು ಮಾರು ದೂರದಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಂದರೆ ಹೌದು ಅಂದಿದ್ದರೂ ಆ ಮಾತು ನಮ್ಮಿಬ್ಬರ ನಡುವೆಯೇ ಇರುತ್ತಿತ್ತು. ಮುಂದೇನು ಮಾಡಬೇಕೆಂದು ಇಬ್ಬರೂ ಕೂಡಿ ಯೋಚಿಸಬಹುದಿತ್ತು. ಅಷ್ಟನ್ನೂ ಮಾಡಲಿಲ್ಲ.

"ಇಲ್ಲಣ್ಣಾ," ಅಂದೆ. "ನೀರು ಬರೋಬ್ಬರಿ ಇತ್ತು. ದಿನಾ ನೋಡೇನಿ."

ಅವನು ನನ್ನ ಮಾತನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಅದೇ ನನ್ನನ್ನು ಇವತ್ತಿಗೂ ತಿನ್ನುತ್ತದೆ. ಕೈಯೊಳಗಿನ ಸಿಮೆಂಟಿನ ಪುಡಿಯನ್ನೇ ನೋಡುತ್ತಾ, "ಹಂಗಾರ ನನ್ನ ಕೈಯಾಗನ ತಪ್ಪಾಗೇತಿ. ಅವತ್ತ ಮಾಲು ಕಲಿಸೂಮುಂದ ಸಿಮೆಂಟು ಕಡಿಮಿ ಬಿದ್ದಿರಬೇಕು," ಅಂದ. ಎದ್ದು ನಿಂತು, ಸಾಹೇಬರಿಗೆ ಕೈಮುಗಿದು, ತನ್ನ ಹರಕುಮುರುಕು ಹಿಂದಿಯಲ್ಲಿ ತಪ್ಪು ತನ್ನದೇ ಎಂದು ತಾನೇ ಹೇಳಿದ. ಸಾಹೇಬರು ಬೈಯಲಿಲ್ಲ, ಪೊಲೀಸರ ಮಾತೂ ಎತ್ತಲಿಲ್ಲ. ಅವನನ್ನು ಕಳಿಸಿದ್ದ ಗುತ್ತಿಗೆದಾರನಿಗೆ ವಿಷಯ ತಿಳಿಸಿದರು, ಅಷ್ಟೇ. ದಾಬೋಲಿಮ್‌ನಿಂದ ವಾಸ್ಕೋದವರೆಗೆ ಅಷ್ಟು ಸಾಕಾಯಿತು. ಮುದುಕಿಯ ಸೊಂಟ ಮುರಿದ ಗೌಂಡಿ ಎಂದು ಅವನಿಗೆ ಹೆಸರು ಬಿತ್ತು.

ಮಾಯ್ ಅವರನ್ನು ಮನೆಗೆ ತಂದು ಮಲಗಿಸಿದರು. ಮಳೆ ನಿಂತಿತು, ದಸರೆ ಬಂತು, ನಮ್ಮ ಮಗ ಹುಟ್ಟಿದ. ಅವರು ಹಾಸಿಗೆಯಿಂದ ಏಳಲಿಲ್ಲ. ಬೆನ್ನಿಗೆ ಹುಣ್ಣಾಗಿ ವಾಸನೆ ಬರುತ್ತಿತ್ತು. ಗೌರವ್ವ ಬಾಣಂತಿತನದಲ್ಲೂ ಹೋಗಿ ಒರೆಸಿ ಬರುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ದಿನ ಭೀಮಣ್ಣ ಬಂದ. ತಲೆಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಾಯ್ ಹಾಸಿಗೆಯ ಕಾಲ್ದೆಸೆಗೆ ಕೂತು, ಅವರ ಪಾದ ಹಿಡಿದುಕೊಂಡು ಅತ್ತ.

"ಅಳಬ್ಯಾಡ ಭೀಮಣ್ಣಾ," ಅಂದರು ಮಾಯ್. ಧ್ವನಿ ಎಲ್ಲೋ ಕೆಳಗಿಂದ ಬರುತ್ತಿತ್ತು. "ನೀ ಬೇಕಂತ ಮಾಡಿದಿ? ದೇವರಿಗೆ ಗೊತ್ತೈತಿ." ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ ನಗಲು ನೋಡಿದರು. "ಆದ್ರ ನಮ್ಮ ಸಿದ್ದಪ್ಪನ ನೀರು... ಏನ ತಿಳಿ ನೀರು ಅದು."

ಹೊಸ ವರ್ಷದ ಮೊದಲ ವಾರದಲ್ಲಿ ಅವರು ತೀರಿಕೊಂಡರು. ಸಾಹೇಬರು ಮನೆಗೆ ಬೀಗ ಹಾಕಿದರು. ನನಗೆ ಒಳ್ಳೆಯ ಕೆಲಸಗಾರ ಎಂದು ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿಯ ಬಲದ ಮೇಲೆ ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ನೀರು ನೋಡುವ ಕೆಲಸ ಸಿಕ್ಕಿತು.

ಐದು ವರ್ಷ ಹೋದವು. ಭೀಮಣ್ಣ ಕೆಪೆ ಎಂಬ ಊರಿಗೆ ಹೋಗಿದ್ದಾನೆ, ಈಗ ಗೌಂಡಿಯಲ್ಲ, ಬೇರೆ ಗೌಂಡಿಗಳ ಕೈಕೆಳಗೆ ಮಾಲು ಹೊರುತ್ತಾನೆ ಎಂದು ಊರಿನವರು ಹೇಳುತ್ತಿದ್ದರು. ಕೇಳಿ ಕೇಳದವನಂತೆ ಇರುತ್ತಿದ್ದೆ. ಒಂದು ದಿನ ಕಾರ್ಖಾನೆಯ ಪ್ರಯೋಗಾಲಯದ ಹುಡುಗಿಯೊಬ್ಬಳು ಒಡೆದ ವಾಲ್ವೊಂದನ್ನು ಮೇಜಿನ ಮೇಲಿಟ್ಟು, "ನೋಡಿ ಮಾಮಾ, ಹುಳಿ ನೀರು ಹಿತ್ತಾಳೆಯನ್ನು ಹೇಗೆ ತಿಂದಿದೆ, ಗುಲಾಬಿಯಾಗಿದೆ," ಎಂದಳು. ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಹಾಡಹಗಲು, ಇನ್ನೊಬ್ಬರ ಬಾಯಿಂದ, ಅಷ್ಟು ಸಲೀಸಾಗಿ ಅದು ಬಂದದ್ದು ನನ್ನನ್ನು ಅಲ್ಲಾಡಿಸಿತು. ಭಾನುವಾರ ಬಸ್ಸು ಹತ್ತಿ ಕೆಪೆಗೆ ಹೋದೆ.

ಭೀಮಣ್ಣನ ಕೂದಲೆಲ್ಲ ನರೆತಿತ್ತು. ಚಹಾದ ಲೋಟ ಹಿಡಿದ ಕೈ ನಡುಗುತ್ತಿತ್ತು. ನಾನು ನಿಲ್ಲಿಸದೆ ಹೇಳಿದೆ. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. ಅರಿಶಿನದ ಚೀಟಿ, ಸೋಮವಾರದ ಆ್ಯಸಿಡ್, ಆಮೇಲೆ ಸುರಿದ ಸೋಡಾ, ಹೇಳಿದ ಸುಳ್ಳು. ಅವನು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿ ಎಂದೇ ಹೋಗಿದ್ದೆ.

ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. "ಏ, ಕೇಳಿದೇನ? ನನ್ನ ಮಾಲು ಚಲೋ ಇತ್ತಂತ! ಸಿಮೆಂಟು ಕಡಿಮಿ ಬಿದ್ದಿರಲಿಲ್ಲಂತ!"

ಆಕೆ ಹೊಸ್ತಿಲವರೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಐದು ವರ್ಷಾತು, ಮನ್ಯಾಗ ಒಂದು ಒಲಿ ಕಟ್ಟಿಕೊಡ್ರಿ ಅಂದ್ರ ಕಟ್ಟಿಲ್ಲ ಇವರು," ಎಂದಷ್ಟೇ ಹೇಳಿ ಒಳಗೆ ಹೋದಳು.

ಭೀಮಣ್ಣ ನನ್ನನ್ನು ಹೋಗಗೊಡಲಿಲ್ಲ. ಮರುದಿನ ಬೆಳಗ್ಗೆ ನಾಕಾದಲ್ಲಿ, ಎಲ್ಲರೆದುರು ಈ ಮಾತು ಹೇಳಬೇಕು ಎಂದ. ಕೆಪೆಯ ಮಾರುಕಟ್ಟೆಯ ಹತ್ತಿರ ಬೆಳಗ್ಗೆ ಏಳಕ್ಕೆ ಕೂಲಿಯವರು ನಿಲ್ಲುತ್ತಾರೆ. ಗುತ್ತಿಗೆದಾರರು ಬಂದು ಬೇಕಾದವರನ್ನು ಲಾರಿಗೆ ಹತ್ತಿಸಿಕೊಳ್ಳುತ್ತಾರೆ. ನಾವು ಹೋಗಿ ನಿಂತೆವು. ಭೀಮಣ್ಣ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಟವೆಲ್ಲಿನಲ್ಲಿ ಸುತ್ತಿದ ತನ್ನ ಹಳೆಯ ಕರಣೆ ಕೈಯಲ್ಲಿ ಹಿಡಿದು ಬಂದಿದ್ದ. ಗೌಂಡಿಯ ಕರಣೆ. ಉಜ್ಜಿ ತುಕ್ಕು ತೆಗೆದಿದ್ದ.

ನಾನು ಹೇಳಿದೆ. ಗಂಟಲು ಎತ್ತಿ, ಯಾವುದನ್ನೂ ಮುಚ್ಚದೆ, ಮೊದಲಿನಿಂದ ಹೇಳಿದೆ. ಹತ್ತಿಪ್ಪತ್ತು ಜನ ಬೀಡಿ ಸೇದುತ್ತಾ ಕೇಳಿದರು. ಹೆಚ್ಚಿನವರು ನಿನ್ನೆ ಮೊನ್ನೆ ಗೋವೆಗೆ ಬಂದವರು.

"ಯಾವ ಕೊಳಾ? ಯಾವ ಮುದುಕಿ?" ಎಂದ ಒಬ್ಬ.

"ದಾಬೋಲಿಮ್‌ದು," ಅಂದ ಭೀಮಣ್ಣ. "ನೀವು ಕೇಳಿರಬೇಕು."

ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಲಾರಿ ಬಂತು. ಭೀಮಣ್ಣ ಗುತ್ತಿಗೆದಾರನ ಮುಂದೆ ಹೋಗಿ ಟವೆಲ್ಲು ಬಿಚ್ಚಿ ಕರಣೆ ತೋರಿಸಿದ. "ಇವತ್ತಿಂದ ಗೌಂಡಿ ಕೆಲಸಕ್ಕ ತಗೋರಿ ನನ್ನ. ನನ್ನ ಮ್ಯಾಲಿನ ಮಾತು ಸುಳ್ಳಂತ ಗೊತ್ತಾಗೇತಿ."

"ಯಾವ ಮಾತೋ ಮಾರಾಯಾ?" ಎಂದ ಗುತ್ತಿಗೆದಾರ. ಅವನ ಕಣ್ಣು ಭೀಮಣ್ಣನ ಕೈ ಮೇಲಿತ್ತು. "ಕೈ ನೋಡಿಕೋ, ಹೆಂಗ ನಡಗಾಕತ್ತೈತಿ. ಮಾಲು ಹೊರೂದಿದ್ರ ಹತ್ತು, ಇಲ್ಲಾಂದ್ರ ಬಿಡು."

ಭೀಮಣ್ಣ ಕರಣೆಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

"ಇದನ್ನಷ್ಟು ಮನಿಗೆ ಮುಟ್ಟಿಸಿಬಿಡೋ ತಮ್ಮಾ," ಅಂದ. ಲಾರಿಯ ಹಿಂದಿನ ಹಲಗೆ ಎತ್ತರವಿತ್ತು, ಅವನಿಗೆ ಹತ್ತಲಾಗಲಿಲ್ಲ. ನಾನೇ ಕೆಳಗಿಂದ ಆಸರೆ ಕೊಟ್ಟು ಹತ್ತಿಸಿದೆ.